ಎಮ್ಮೆ ಅಡ್ಡ ಬಂದ ಹಾಡು

ನನ್ನ ಗಂಡ ಲಾರಿ ಓಡಿಸುತ್ತಾರೆ. ಕೂಡ್ಲಿಗಿ ಕಡೆಯ ಹುಣಸೆಹಣ್ಣು ತುಂಬಿಕೊಂಡು ಹೊರಟರೆ ಯಾವಾಗ ಬರುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ. ಕೊಟ್ಟೂರಿನ ಮನೆಯಲ್ಲಿ ನಾನು, ಮಗಳು ಇಬ್ಬರೇ. ಅವಳ ಬಲಗಾಲು ಹುಟ್ಟಿನಿಂದಲೇ ಒಳಕ್ಕೆ ಬಾಗಿತ್ತು. ಐದು ತುಂಬಿದ ಮೇಲೆ ಆಪರೇಷನ್ ಮಾಡಿಸಿದೆವು. ಹಾಸಿಗೆಯ ಪಕ್ಕ ಇವರು ಕೂತಿದ್ದಷ್ಟು ದಿನ ಎಲ್ಲ ಸರಿಯಿತ್ತು. ಆಮೇಲೆ ಗಾಡಿ ಕರೆಯಿತು, ಹೋದರು.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ನೆಟ್ಟಗಾಗಿತ್ತು. ಆದರೆ ಯಾರೋ ಮರೆತು ಹೋದ ಸಾಮಾನಿನಂತೆ ಚಾಪೆಯ ಮೇಲೆ ಬಿದ್ದಿರುತ್ತಿತ್ತು. ದಿನಾ ಮಡಚಿ ಎತ್ತದಿದ್ದರೆ ಮೊಣಕಾಲು ಬಿಗಿದುಹೋಗುತ್ತದೆ, ಮತ್ತೆ ಕುಂಟುವುದೇ ಗತಿ ಎಂದು ಡಾಕ್ಟರ್ ಹೆದರಿಸಿದ್ದರು. ನಾನು ಮುಟ್ಟಿದರೆ ಸಾಕು, ಓಣಿಯವರೆಲ್ಲ ಓಡಿ ಬರುವಂತೆ ಚೀರುತ್ತಿದ್ದಳು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಬೈಯುತ್ತಿದ್ದೆ, ಬೈದು ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ಹಗರಿಬೊಮ್ಮನಹಳ್ಳಿಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಬ್ಬಳಿದ್ದಳು. ಅವಳು ನಕ್ಕು, "ಬೈದ್ರ ಕಾಲು ಏಳತೈತೇನ್ರಿ ಅಕ್ಕಾ? ಹಾಡು ಹಚ್ರಿ. ತಾಳಕ್ಕ ಸರಿಯಾಗಿ ಎತ್ತಸ್ರಿ. ಕೂಸಿನ ಲಕ್ಷ್ಯ ನೋವಿನ ಮ್ಯಾಲಿಂದ ಹಾಡಿನ ಮ್ಯಾಲೆ ಹೋಗಬೇಕು" ಅಂದಳು.

ಮೊಬೈಲಿನಲ್ಲಿ ಇದ್ದಬದ್ದ ಸಿನಿಮಾ ಹಾಡನ್ನೆಲ್ಲ ಹಾಕಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕಾಲು ಬಿಟ್ಟು ಬರೀ ಕಣ್ಣು ಆಡಿಸುತ್ತ ಮಲಗಿದ್ದಳು. ಕೊನೆಗೆ ಇವರಿಗೆ ಫೋನ್ ಮಾಡಿ, "ನೀವಾ ಒಂದು ಹಾಡಿ ಕಳಸ್ರಿ" ಅಂದೆ.

ಇವರು ಊರ ಕೋಲಾಟದ ಮೇಳದವರು. ದನಿ ಏನೂ ದೊಡ್ಡದಲ್ಲ, ತಗಡು ಎಳೆದ ಹಾಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಮ್ಮ ಮಗಳಿಗೆ ಹೆತ್ತವನ ಗಂಟಲೂ ಮುದ್ದು. ಅವತ್ತೇ ವಿಡಿಯೋ ಬಂತು. ಪಕ್ಕದಲ್ಲಿ ಕೂತ ಕ್ಲೀನರ್ ಫೋನ್ ಹಿಡಿದಿದ್ದಾನೆ, ಇವರು ಸ್ಟೇರಿಂಗ್ ಮೇಲೆ ತಾಳ ಬಡಿಯುತ್ತ ಕೋಲಾಟದ ಪದ ಎತ್ತಿದ್ದಾರೆ. ನಡುವೆ ಬ್ರೇಕು, ಉದ್ದನೆಯ ಹಾರ್ನು, ಆಮೇಲೆ "ಏ ಎಮ್ಮಿ! ರೋಡು ನಿಮ್ಮಪ್ಪಂದೇನ ಲೇ?" ಮತ್ತೆ ಏನೂ ಆಗದಂತೆ ಪದ ಮುಂದುವರಿದಿದೆ.

ಮಗಳು ಬಿದ್ದು ಬಿದ್ದು ನಕ್ಕಳು. ನಗುವಾಗ ಮೊಣಕಾಲು ತಾನಾಗಿ ಮಡಚಿತು. ನಾನು ಅದನ್ನೇ ಮತ್ತೆ ಹಾಕಿದೆ.

ಅಂದಿನಿಂದ ಬೆಳಿಗ್ಗೆ ಸಂಜೆ ಅದೇ ಹಾಡು. ತಾಳಕ್ಕೆ ಒಂದಿಷ್ಟು ಎತ್ತುವಳು, ಎಮ್ಮೆ ಬಂದಾಗ ಪೂರ್ತಿ ಎತ್ತುವಳು. ಆಮೇಲೆ ಗೋಡೆ ಹಿಡಿದು ನಿಂತಳು. ಗೋಡೆ ಬಿಟ್ಟು ಮಾತ್ರ ಒಂದು ಹೆಜ್ಜೆಯೂ ಇಡಲೊಲ್ಲಳು. ಅವಳನ್ನು ಮಲಗಿಸಿ ನಾನೂ ಒಮ್ಮೊಮ್ಮೆ ಅದನ್ನು ಕೇಳುತ್ತಿದ್ದೆ. ಸುಳ್ಳೇಕೆ, ನನಗೂ ಇವರು ಬೇಕೆನಿಸುತ್ತಿತ್ತು.

ಇವರು ಬಂದರು. ಮೈಮೇಲಿನ ಧೂಳನ್ನೂ ತೊಳೆಯದೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ ಅದೇ ಪದ ಹಾಡಿದರು. ಚೊಕ್ಕವಾಗಿಯೇ ಹಾಡಿದರು. ಗೋಡೆ ಹಿಡಿದ ಮಗಳು ಅಲ್ಲಾಡಲಿಲ್ಲ. ಪದ ಮುಗಿಯಿತು. ಇವರ ಮುಖ ಸಣ್ಣದಾಯಿತು.

"ಫೋನಿಗೆ ಕಾಲು ಎತ್ತತಾಳ, ನಾ ಬಂದ್ರ ಇಲ್ಲೇನು?" ಅಂದರು.

ಆಗ ಅವಳು ತುಟಿ ಉಬ್ಬಿಸಿ, "ಅಪ್ಪಾ, ಎಮ್ಮಿ ಎಲ್ಲೈತಿ?" ಅಂದಳು.

ಇವರು ನನ್ನ ಕಡೆ ನೋಡಿದರು. ಆಮೇಲೆ ಬಾಯಲ್ಲೇ ಹಾರ್ನ್ ಹೊಡೆದು, ಅಂಗಳದಲ್ಲಿ ಇಲ್ಲದ ಎಮ್ಮೆಗೆ ಓಣಿಗೆಲ್ಲ ಕೇಳುವಂತೆ ಬೈದರು. ಅವಳು ನಗುತ್ತ ಗೋಡೆ ಬಿಟ್ಟಳು. ಓಲಾಡಿಕೊಂಡು ಹೋಗಿ ಅಪ್ಪನ ಎದೆಗೆ ಬಿದ್ದಳು. ಇವರು ಅವಳ ಕೂದಲಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಎತ್ತಲೇ ಇಲ್ಲ.

ಮತ್ತೆ ಲೋಡ್ ಸಿಕ್ಕಿತು, ಹೋದರು. ಮಗಳು ಈಗ ಶಾಲೆಗೆ ಓಡಿಕೊಂಡು ಹೋಗುತ್ತಾಳೆ. ಹಾಡು ಬೇಕಿಲ್ಲ, ಎಮ್ಮೆಯೂ ಬೇಕಿಲ್ಲ. ಆದರೆ ರಸ್ತೆಯಲ್ಲಿ ಯಾವುದಾದರೂ ಲಾರಿ ಉದ್ದಕ್ಕೆ ಹಾರ್ನ್ ಹೊಡೆದರೆ, ಊಟಕ್ಕೆ ಕೂತವಳ ಬಲಗಾಲು ಇವತ್ತಿಗೂ ತಾನಾಗಿ ಒಂದಿಷ್ಟು ಏಳುತ್ತದೆ. ಅದು ಅವಳಿಗೇ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ನಾನು ಬಾಗಿಲಿಗೆ ಹೋಗಿ ನಿಂತಿರುತ್ತೇನೆ.