ಕಿಟಕಿಯಿಂದ ಚಾಚಿದ ಕೈ

ಮೊನ್ನೆ ನಮ್ಮೂರು ಕುಂಭಾರಿಯಲ್ಲಿ ಬಗಲುಗೋಲಿನ ಹಿರಿಯರೊಬ್ಬರು ಬಸ್ಸಿನಿಂದ ಇಳಿಯಲು ಒದ್ದಾಡುತ್ತಿದ್ದರು. “ಲಗೂನ ಇಳೀರಿ ಕಾಕಾ!” ಎಂದು ಕಂಡಕ್ಟರ್ ರೇಗಿದ. ಕೈಹಿಡಿದು ಇಳಿಸಿದ ನಾನು ಅಲ್ಲೇ ನಿಂತುಬಿಟ್ಟೆ.

ಅಪ್ಪ-ಅವ್ವ ಬೇರೆಯಾದಾಗ, ನನ್ನ ಖರ್ಚಿಗೆ ಅಪ್ಪ ಪ್ರತಿ ತಿಂಗಳು ಹಣ ಕೊಡಬೇಕೆಂದು ಕೋರ್ಟು ಹೇಳಿತ್ತು. ಗಿರಣಿಯಲ್ಲಿ ಕಾಲು ಕಳೆದುಕೊಂಡಿದ್ದ ಅಪ್ಪನಿಗೆ ಇದ್ದುದು ಅಂಗವಿಕಲರ ಪಿಂಚಣಿಯೊಂದೇ. ಅದು ಕೈಸೇರಿದ ಮರುದಿನವೇ ಸೊಲ್ಲಾಪುರದಲ್ಲಿ ಅಕ್ಕಲಕೋಟೆ ಬಸ್ಸು ಹತ್ತಿ, ನಮ್ಮೂರು ಬಂದಾಗ, ಕಾಯುತ್ತಿದ್ದ ನನಗೆ ಕಿಟಕಿಯಿಂದಲೇ ಹಣದ ಲಕೋಟೆ ಚಾಚುತ್ತಿದ್ದ. ಜೊತೆಗೊಂದು ಶೇಂಗಾ ಚಟ್ನಿಯ ಪುಡಿಕೆ. ಅದನ್ನು ಕೋರ್ಟು ಹೇಳಿರಲಿಲ್ಲ. “ಸಾಲಿ ಬಿಡಬ್ಯಾಡ, ಬಾಳಾ” ಎನ್ನುವಷ್ಟರಲ್ಲಿ ಬಸ್ಸು ಹೊರಡುತ್ತಿತ್ತು.

ಒಮ್ಮೆಯೂ ಇಳಿದು ನನ್ನ ಜೊತೆ ಕೂರಲಿಲ್ಲವೆಂದು ಅಪ್ಪ ಸಾಯುವವರೆಗೂ ಮುನಿಸಿಕೊಂಡಿದ್ದೆ. ಬಗಲುಗೋಲು ನೆಲಕ್ಕೂರುವಷ್ಟು ಹೊತ್ತೂ ಆ ಬಸ್ಸು ನಿಲ್ಲುತ್ತಿರಲಿಲ್ಲವೆಂದು ನನಗೆ ಹೊಳೆದದ್ದು ಮೊನ್ನೆ.