ಆರನೆಯ ಮಂಕರಿ

ಎಡಗೈಯವರಿಗೆ ಈ ಲೋಕದಲ್ಲಿ ಎಷ್ಟು ಕಾಟ ಎಂದು ಬಲಗೈಯವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ಹುಟ್ಟು ಎಡಚಿ. ಎಪ್ಪತ್ತರ ದಶಕದ ಕೊನೆಯಲ್ಲಿ, ಮಧುಗಿರಿಯಲ್ಲಿ ಏಳನೇ ಕ್ಲಾಸು ಓದುತ್ತಿದ್ದಾಗ, ಅದು ನಾಲ್ಕು ಜನರ ಮುಂದೆ ಮುಚ್ಚಿಡಬೇಕಾದ ವಿಷಯವಾಗಿತ್ತು.

ಆ ವರ್ಷ ಶಿರಾದಲ್ಲಿ ನೆಂಟರ ಮನೆಯ ಮದುವೆ. ಉಪ್ಪಿನಕಾಯಿ ಬಡಿಸು ಎಂದು ಯಾರೋ ನನಗೆ ಬಟ್ಟಲು ಕೊಟ್ಟರು. ಯಾವ ಕೈಯಲ್ಲಿ ಬಡಿಸುತ್ತಿದ್ದೇನೆಂದು ನನಗೇ ಗೊತ್ತಾಗಲಿಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ತಮ್ಮ ಎಲೆ ನೋಡಿದರು, ನನ್ನ ಕೈ ನೋಡಿದರು, ಊಟ ಬಿಟ್ಟು ಎದ್ದೇಬಿಟ್ಟರು. ಅವರ ಹಿಂದೆ ಇಡೀ ಸಾಲು ಎದ್ದಿತು. ಒಂದು ಚೂರು ಉಪ್ಪಿನಕಾಯಿಗೆ ಅಷ್ಟು ರಂಪ! ಇವತ್ತು ನೆನೆದರೂ ಮೈ ಉರಿಯುತ್ತದೆ. ಅಮ್ಮ ಮಾತ್ರ ಒಬ್ಬೊಬ್ಬರ ಮುಂದೆಯೂ ಕೈಮುಗಿದು ನಿಂತಳು.

ಮನೆಗೆ ಬಂದವಳೇ ನನ್ನ ಬಲಗೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು.

“ಆಣೆ ಮಾಡು. ಇನ್ಮೇಲೆ ಯಾವ ಕೆಲ್ಸಕ್ಕೂ ಎಡಗೈ ಮುಂದಕ್ಕೆ ಮಾಡಾಕಿಲ್ಲ ಅನ್ನು. ಮಾಡಿದ್ರೆ ನಾನ್ ಸತ್ತೋಯ್ತೀನಿ, ತಿಳ್ಕೊ.”

ಆಣೆ ಮಾಡಿದೆ. ಮಾಡಿದ ಮೇಲೆ ನಂಬಿದೆ. ನೀರು ಕುಡಿಯಲು ಚೊಂಬಿನತ್ತ ಎಡಗೈ ಒಂದಿಷ್ಟು ಸರಿದರೂ ಸಾಕು, ಒಳಗೆ ಓಡಿಹೋಗಿ ಅಮ್ಮ ಉಸಿರಾಡುತ್ತಿದ್ದಾಳೆಯೇ ಎಂದು ನೋಡಿ ಬರುತ್ತಿದ್ದೆ.

ಇದೆಲ್ಲದರ ಮಧ್ಯೆ ನಮ್ಮ ಡ್ರಿಲ್ ಮೇಷ್ಟ್ರು ಯಾವುದೋ ಕ್ಯಾಂಪಿಗೆ ಹೋದವರು ಒಂದು ಹಳದಿ ಪ್ಲಾಸ್ಟಿಕ್ ತಟ್ಟೆ ತಂದರು. ಊಟದ ತಟ್ಟೆಯಲ್ಲ, ಗಾಳಿಯಲ್ಲಿ ತೇಲಿಸಿ ಎಸೆಯುವ ತಟ್ಟೆ. ಬೆಟ್ಟದ ಬುಡದ ಪಾರ್ಕಿನಲ್ಲಿ ಆರು ಮರಗಳಿಗೆ ಸೊಂಟದೆತ್ತರದಲ್ಲಿ ಆರು ಮಂಕರಿ ಕಟ್ಟಿಸಿದರು. ಗೊಬ್ಬರ ಹೊರುತ್ತಾರಲ್ಲ, ಅದೇ ಬುಟ್ಟಿ. ತಟ್ಟೆ ಬಿದ್ದಲ್ಲಿಂದಲೇ ಮತ್ತೆ ಎಸೆಯುತ್ತ, ಒಂದಾದ ಮೇಲೊಂದು ಮಂಕರಿಗೆ ಹಾಕುತ್ತ ಹೋಗಬೇಕು. ಆರೂ ಮುಗಿಯುವ ಹೊತ್ತಿಗೆ ಯಾರು ಕಡಿಮೆ ಸಲ ಎಸೆದಿದ್ದಾರೋ ಅವರು ಗೆದ್ದಂತೆ. ನಡುವೆ ಮೂವತ್ತು ಹೆಜ್ಜೆಗಿಂತ ಹೆಚ್ಚು ದೂರವಿರಲಿಲ್ಲ, ಎಂಥ ಹೊಸಬರೂ ಆಡಬಹುದಿತ್ತು. ಗೆದ್ದವರು ದಸರಾ ರಜೆಗೆ ತಟ್ಟೆಯನ್ನು ಮನೆಗೆ ಒಯ್ಯಬಹುದು ಎಂದರು ಮೇಷ್ಟ್ರು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ರಜೆಗೆ ಮುಂಚಿನ ಶನಿವಾರ, ಬೆಳಗಿನ ಸ್ಕೂಲು ಮುಗಿಸಿ ಎಲ್ಲರೂ ಪಾರ್ಕಿಗೆ ಹೋದೆವು. ಐದನೆಯ ಮಂಕರಿ ದಾಟುವಷ್ಟರಲ್ಲಿ ಉಳಿದವರೆಲ್ಲ ಹಿಂದೆ ಬಿದ್ದಿದ್ದರು. ನಾನು ಮತ್ತು ನನ್ನ ಬೆಂಚಿನ ಉದ್ದನೆಯ ಹುಡುಗಿ ಮಾತ್ರ ಸಮಸಮ. ಅಲ್ಲಿಯವರೆಗೂ ಬಲಗೈಯಲ್ಲೇ ಎಸೆದಿದ್ದೆ. ಎಡಗೈಯಲ್ಲಿ ಲಂಗದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಆರನೆಯ ಮಂಕರಿ ಇದ್ದದ್ದು ಒಂದು ದಪ್ಪ ಹುಣಸೆಮರದ ಹಿಂದೆ, ಬಲಕ್ಕಿದ್ದ ಹೊಂಗೆಮರದಲ್ಲಿ. ಬಲಗೈಯವರ ತಟ್ಟೆ ಕೊನೆಗೆ ಎಡಕ್ಕೇ ವಾಲುತ್ತದೆ. ಉದ್ದನೆಯ ಹುಡುಗಿಯದೂ ಹಾಗೇ ವಾಲಿ ಮೂರು ಎಸೆತ ಹಿಡಿಯಿತು. ನನ್ನ ಮೊದಲನೆಯದು ಹುಣಸೆಮರದ ಈಚೆಗೇ ಬಿತ್ತು. ಎರಡನೆಯದು ಮಂಕರಿಗೆ ಬಿದ್ದರೆ ತಟ್ಟೆ ನನ್ನದು. ಆದರೆ ಎದುರಿಗೆ ಹುಣಸೆಮರ. ಅದನ್ನು ಎಡಗಡೆಯಿಂದ ಬಳಸಿ, ಆಮೇಲೆ ಬಲಕ್ಕೆ ತಿರುಗಬೇಕು. ಹಾಗೆ ತಿರುಗಿಸುವ ಕೈ ಲಂಗ ಹಿಡಿದುಕೊಂಡು ಕೂತಿತ್ತು.

“ಅವಳ್ ಕೈಲಿ ಆಗಾಕಿಲ್ಲ ಬುಡಿ ಸಾರ್,” ಎಂದಳು ಆ ಹುಡುಗಿ.

“ಬೇಗ ಎಸಿ ಕಣಮ್ಮ, ಒತ್ತಾಯ್ತದೆ,” ಎಂದರು ಮೇಷ್ಟ್ರು.

ಆಟವೂ ಆಣೆಗೆ ಸೇರುತ್ತದೆಯೇ ಎಂದು ಯೋಚಿಸಿದೆ. ಅಮ್ಮ ಈಗ ಏನು ಮಾಡುತ್ತಿರಬಹುದು ಎಂದು ಯೋಚಿಸಿದೆ. ಹೇಗೋ ತಟ್ಟೆ ಎಡಗೈಗೆ ಬಂತು. ಬಂತು ಎಂದರೆ ಸುಳ್ಳು, ನಾನೇ ತೆಗೆದುಕೊಂಡೆ. ಎಸೆದೆ.

ಅದು ಹುಣಸೆಮರದ ಎಡಗಡೆಯಿಂದ ಹೋಗಿ, ನಿಧಾನಕ್ಕೆ ಬಲಕ್ಕೆ ಬಾಗಿ, ಕಣ್ಮರೆಯಾಯಿತು. ಮಂಕರಿ ಸದ್ದು ಮಾಡಿತು. ಎಲ್ಲರೂ ಕೂಗಿದರು. ಮೇಷ್ಟ್ರು ನಗುತ್ತ ತಟ್ಟೆ ತಂದು ಕೊಟ್ಟರು. ನನ್ನ ಜೀವಮಾನದ ಮೊದಲ ಗೆಲುವು, ನನಗೆ ಅಳು ಬರುತ್ತಿತ್ತು. ಅಮ್ಮನನ್ನು ಕೊಂದುಬಿಟ್ಟೆ ಎಂದುಕೊಂಡು ಓಡಿದೆ.

ಕೋರ್ಟಿನ ಮುಂದೆ ಚಪ್ಪಲಿ ಕಿತ್ತುಹೋಯಿತು, ಅಲ್ಲೇ ಬಿಟ್ಟೆ. ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ “ಯಾಕ್ ಮಗಾ ಇಂಗ್ ಓಡ್ತೀಯ?” ಎಂದರು. ನಮ್ಮ ಬೀದಿಗೆ ತಿರುಗಿದಾಗ ಬಾಗಿಲಲ್ಲಿ ಜನ ಸೇರಿದ್ದಾರೆಯೇ ಎಂದು ಮೊದಲು ನೋಡಿದೆ. ಯಾರೂ ಇರಲಿಲ್ಲ. ಒಳಗೆ ಹೋದರೆ ಅಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು, ಮುಖದ ತುಂಬ ಸೆರಗು ಎಳೆದುಕೊಂಡು. ಕರೆದೆ. ಏಳಲಿಲ್ಲ. ಕಾಲು ಮುಟ್ಟಿದೆ, ತಣ್ಣಗಿತ್ತು.

ಹೇಗೆ ಕಿರುಚಿದೆನೋ! ಅಮ್ಮ ಧಡಕ್ಕನೆ ಎದ್ದು ಕೂತಳು.

“ಏನೇ ಬಂತು ನಿಂಗೆ? ಒಂದ್ ಗಳಿಗೆ ಕಣ್ ಮುಚ್ಚಂಗಿಲ್ವಾ?”

ನಾನು ಅವಳ ಮೇಲೆ ಬಿದ್ದು ಅತ್ತೆ. ಬಿಕ್ಕುತ್ತಲೇ ಆರನೆಯ ಮಂಕರಿಯತ್ತ ಎಸೆದದ್ದನ್ನು ಹೇಳಿದೆ, ಯಾವ ಕೈಯಲ್ಲಿ ಎಂಬುದನ್ನೂ. ಹೇಳಿ ಮುಗಿಸಿ ಕೆನ್ನೆಯನ್ನು ಏಟಿಗೆ ಸಿದ್ಧ ಮಾಡಿಕೊಂಡೆ. ಏಟು ಬೀಳಲಿಲ್ಲ. ಅಮ್ಮ ಬಹಳ ಹೊತ್ತು ನನ್ನ ಬರಿಗಾಲನ್ನೇ ನೋಡುತ್ತಿದ್ದಳು.

“ಕೊರಟಗೆರೇಲಿ ನಮ್ಮವ್ವಾನೂ ಇಂಗೇ ತಲೆ ಮುಟ್ಟಿಸ್ಕಂಡು ನನ್ ಕೈಲಿ ಆಣೆ ಮಾಡಿಸಿದ್ಲು ಕಣೆ,” ಎಂದಳು.

ಅಮ್ಮನೂ ಎಡಚಿ ಎಂಬುದು ತಲೆಗೆ ಹೋಗಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಹನ್ನೆರಡು ವರ್ಷ ಅವಳ ಕೈತುತ್ತು ತಿಂದಿದ್ದೆ, ಒಮ್ಮೆಯೂ ಗೊತ್ತಾಗಿರಲಿಲ್ಲ.

“ನೀನೂ ಮುರಿದ್ಯಾ?”

“ಒಂದ್ ಸಲಾನೂ ಇಲ್ಲ.” ಸೆರಗಿನಿಂದ ನನ್ನ ಮೂಗು ಒರೆಸಿದಳು. “ಆದ್ರೂ ನಂಗೆ ಹತ್ ವರ್ಸ ಆಗಿದ್ದಾಗ್ಲೇ ಸತ್ತೋದ್ಲು.”

ಆಮೇಲೆ ಚಾಪೆಯ ಮೇಲೆ ಬಿದ್ದಿದ್ದ ಹಳದಿ ತಟ್ಟೆಯನ್ನು ನೋಡಿದಳು.

“ಮಂಕರೀಗ್ ಬಿತ್ತಾ?” ಎಂದು ಕೇಳಿದಳು.