ಮೂರು ಕಾಲಿನ ಕಾಡೆಮ್ಮೆ

ಕಳೆದ ವಾರ ಹಿತ್ತಾಳೆ ದೀಪ ತಿಕ್ಕಲೆಂದು ಹುಣಸೆಹಣ್ಣು ನೆನೆಹಾಕಿದ್ದೆ. ಲೋಹಕ್ಕೆ ಹುಳಿ ತಾಕಿದಾಗ ಏಳುವ ಆ ವಾಸನೆ ಬೆರಳಿಗೆ ಹತ್ತಿತು, ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಲಂಡನ್ನಿನ ಟೂಟಿಂಗ್‌ನ ನಮ್ಮ ಕಟ್ಟಡದಲ್ಲಿ ಮೇಲಿನ ಫ್ಲಾಟಿನಲ್ಲಿದ್ದ ಕಾಕು ನೆನಪಾದರು...

ಧಾರವಾಡದವರು. ಅವರ ಗಂಡನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ಹಾಗಾಗಿ ಇವರು ಕಾಕು. ಕಾಕಾ ಹಳೆಯ ನಾಣ್ಯ ಕೂಡಿಡುವವರು. ಯಾರಾದರೂ ನಾಣ್ಯ ತೋರಿಸಿದರೆ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ನೋಡಿ, ‘ಖೋಟಾ’ ಎಂದು ಮೇಜಿನ ಮೇಲೆ ಎಸೆಯುತ್ತಿದ್ದರು. ವಾಪಸ್ ಕೈಗೆ ಕೊಟ್ಟಿದ್ದನ್ನು ನಾನು ನೋಡಿಲ್ಲ. ಅವರ ನಾಣ್ಯಗಳನ್ನು ಕಾಕು ಮುಟ್ಟುವಂತಿರಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಕಾಕಾ ಒಂದಷ್ಟು ಮಾಮೂಲಿ ನಾಣ್ಯ ಆರಿಸಿ ಕೊಡುತ್ತಿದ್ದರು. ಕಾಕು ಅವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ದೇವರ ಮುಂದಿನ ತಟ್ಟೆಯಲ್ಲಿ ಇಡುತ್ತಿದ್ದರು.

ಕಾಕಾ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದುದು ಒಂದು ನಿಕಲ್ ಬಗ್ಗೆ. ಅಮೆರಿಕದ ಹಳೆಯ ಐದು ಸೆಂಟಿನ ನಾಣ್ಯ, ಒಂದು ಬದಿಗೆ ಕಾಡೆಮ್ಮೆಯ ಚಿತ್ರ. ಆ ಕಾಡೆಮ್ಮೆಗೆ ಮೂರೇ ಕಾಲು. ಟಂಕಸಾಲೆಯಲ್ಲಿ ಯಾರೋ ಅಚ್ಚನ್ನು ಅತಿಯಾಗಿ ಉಜ್ಜಿ ಮುಂದಿನ ಒಂದು ಕಾಲನ್ನೇ ಅಳಿಸಿಬಿಟ್ಟಿದ್ದರಂತೆ. ಅಂಥ ಅಚ್ಚಿನಿಂದ ಬಂದ ನಾಣ್ಯ ಅಪರೂಪ. ಆದ್ದರಿಂದ ನಾಲ್ಕು ಕಾಲಿನ ನಾಣ್ಯದಲ್ಲಿ ಒಂದು ಕಾಲನ್ನು ಕೆರೆದು ತೆಗೆಯುವವರೂ ಇದ್ದಾರೆ. ಅಸಲಿಯಾದರೆ ಹೊಟ್ಟೆಯ ಕೆಳಗೆ ಸಣ್ಣ ಚುಕ್ಕಿಗಳ ಸಾಲು ಉಬ್ಬಿರುತ್ತದೆ. ಕೆರೆದದ್ದಾದರೆ ಚುಕ್ಕಿ ಇರುವುದಿಲ್ಲ, ಕಾಲಿದ್ದ ಜಾಗ ತಗ್ಗಾಗಿರುತ್ತದೆ. ಇದನ್ನು ನನಗೆ ಕಲಿಸಿದವರೇ ಕಾಕಾ.

ಸ್ಟ್ರಾಟ್‌ಫರ್ಡ್‌ನಲ್ಲಿ ನಡೆದ ಒಂದು ಕನ್ನಡ ಕೂಟದಲ್ಲಿ ಅವರು ಅಕ್ಸ್‌ಬ್ರಿಡ್ಜ್‌ನ ಒಬ್ಬ ಐಟಿಯವನ ನಿಕಲನ್ನು ಎಲ್ಲರೆದುರು ಖೋಟಾ ಎಂದರು. ಬೆಂಗಳೂರಿನ ಹುಡುಗ, ಮುಖ ಕೆಂಪಾಯಿತು. ‘ನಿಮ್ಮದನ್ನೂ ಒಂದ್ಸಲ ತೋರಿಸಿ ಕಾಕಾ, ನಾವೂ ಕಣ್ತುಂಬಾ ನೋಡ್ಕೋತೀವಿ’ ಎಂದ. ಜನ ನಕ್ಕರು. ಕಾಕಾ ಬೇರೆ ದಾರಿಯಿಲ್ಲದೆ ದೀಪಾವಳಿ ಹಬ್ಬಕ್ಕೆ ಬಾ ಎಂದರು.

ಹಬ್ಬದ ದಿನ ಮಧ್ಯಾಹ್ನ ನಾನು ಕಾಕುವಿಗೆ ಸಹಾಯ ಮಾಡಲು ಹೋಗಿದ್ದೆ. ಸಿಂಕಿನ ಪಕ್ಕದ ಬಟ್ಟಲಲ್ಲಿ ಹುಣಸೆನೀರು, ಅದರಲ್ಲಿ ನಾಣ್ಯಗಳು. ಕಾಕು ಒಂದೊಂದನ್ನೇ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ನಾರು ಇರಲಿಲ್ಲ, ಬ್ರಶ್ ಇರಲಿಲ್ಲ. ಅವುಗಳ ನಡುವೆ ಆ ನಿಕಲೂ ಇತ್ತು. ನಾನು ಬೆಚ್ಚಿ ಅವರ ಮುಖ ನೋಡಿದೆ. ಅವರು ಅದನ್ನು ಒರೆಸಿ ತಟ್ಟೆಯಲ್ಲಿಟ್ಟರು.

ಸಂಜೆ ಅಕ್ಸ್‌ಬ್ರಿಡ್ಜ್‌ನವನು ಬಂದ. ಕಾಕಾ ತಟ್ಟೆಯತ್ತ ಹೋದವರು ಒಮ್ಮೆಲೇ ಕೂಗಿದರು.

‘ಏ, ಏನ್ ಮಾಡಿದಿ ಇದನ್ನ? ಹುಣಸಿಹಣ್ಣ ಹಚ್ಚಿ ತಿಕ್ಕಿದೇನ? ನನ್ನ ನಿಕಲ್ ಹಾಳ ಮಾಡಿದೆಲ್ಲೇ, ಹುಚ್ಚಿ!’

ಬಂದವನು ನಾಣ್ಯ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ. ‘ಕಾಕಾ, ಹುಣಸೆಹಣ್ಣಿಗೆ ಬಣ್ಣ ಹೋಗತ್ತೆ, ಚುಕ್ಕಿ ಹೋಗಲ್ಲ. ಇಲ್ಲಿ ತಗ್ಗಿದೆ. ಬ್ಲೇಡಲ್ಲಿ ಕೆರೆದಿದಾರೆ.’

‘ಇಕಿನs ಕೆರದಾಳ. ಯಾವುದರಲ್ಲಿ ತಿಕ್ಕ್ಯಾಳೋ ಏನೋ.’

ಕಾಕು ಬೆರಳಿನಿಂದಷ್ಟೇ ತಿಕ್ಕಿದರು, ನಾನು ನೋಡಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಕಾಕು ನನ್ನತ್ತ ತಿರುಗಿದರು. ಅವರ ಕಣ್ಣನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

‘ಹೌದು, ನಾನs ಕೆಡಿಸೇನಿ. ನಮ್ಮ ಮನ್ಯಾಗಿನ ಮಾತು. ನೀವ್ಯಾಕ ನಡುವ ಬರ್ತೀರಿ? ಹೋಗ್ರಿ ಇಬ್ರೂ.’

ದೀಪ ಹಚ್ಚಿರಲಿಲ್ಲ. ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಅವರೇ ಬಾಗಿಲು ಹಾಕಿಕೊಂಡರು.

ಆಮೇಲೆ ಕಾಕಾ ಮನೆಯಲ್ಲಿ ಪೂಜೆ ನಿಲ್ಲಿಸಿದರು. ಲಕ್ಷ್ಮಿಯ ತಟ್ಟೆಯನ್ನು ಹಳೆಯ ಸಾಮಾನಿನ ಚ್ಯಾರಿಟಿ ಅಂಗಡಿಗೆ ಕೊಟ್ಟು ಬಂದರು. ಆ ಮನೆಯಲ್ಲಿ ಕಾಕು ತಮ್ಮದೆನ್ನಬಹುದಾಗಿದ್ದದ್ದು ಅದೊಂದೇ. ಸಿಕ್ಕವರಿಗೆಲ್ಲ ಕಾಕಾ, ‘ನಮ್ಮಾಕಿ ತಿಕ್ಕಿ ಹಾಳ ಮಾಡಿದ್ಲು’ ಎನ್ನುತ್ತಿದ್ದರು. ಕಾಕು ಪಕ್ಕದಲ್ಲೇ ನಿಂತು ಕೇಳುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದೆ.

‘ಅದನ್ನ ಅವರs ಕೆರದಿದ್ರವಾ. ಅಡಗಿಮನಿ ಟೇಬಲ್ ಮ್ಯಾಲೆ, ಗಡ್ಡದ ಬ್ಲೇಡಿನಿಂದ. ನಾ ಚಹಾ ಕೊಡಾಕ ಹೋದಾಗ ನೋಡೇನಿ. ಹಬ್ಬದ ದಿವಸ ಬಟ್ಟಲದಾಗ ಹಾಕಿದವರೂ ಅವರs.’

‘ಮತ್ತೆ ಅವರನ್ನ ಯಾಕೆ ಉಳಿಸಿದ್ರಿ ಕಾಕು?’

ಅವರು ನಕ್ಕರು. ‘ಉಳಿಸಿಲ್ಲ. ನಾಕು ಮಂದ್ಯಾಗ ಹೇಳಿದ್ರ ನಾಚಿಕಿ ಆಗಿ ಎಂಟು ದಿವಸಕ್ಕ ಮುಗೀತಿತ್ತು. ಈಗ ದಿನಾ ಮುಂಜಾನೆ ಎದ್ದು ನನ್ನ ಮಾರಿ ನೋಡಬೇಕು. ನಂಗ ಗೊತ್ತದ ಅಂತ ಅವರಿಗೂ ಗೊತ್ತದ.’

ಬಾಗಿಲು ತೆರೆಯಿತು. ಚೀಲ ಎತ್ತಿಕೊಂಡು ಹೋದರು. ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ...

ಕಾಕು ಈಗಿಲ್ಲ. ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಚಿತಾಗಾರದ ಹೊರಗೆ, ಮಾತಾಡಿಸಲು ಬಂದವರಿಗೆ ಕಾಕಾ ಹೇಳುತ್ತಿದ್ದರು: ‘ಭೋಳೆ ಹೆಂಗಸು. ನನ್ನ ನಿಕಲ್ ಕೆಡಿಸಿದ್ಲು, ಆದ್ರೂ ನಾ ಏನೂ ಅನ್ನಲಿಲ್ಲ.’ ಕೆಲವರು ತಲೆದೂಗಿದರು. ನಾನು ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದೆ: ‘ಕಾಕಾ, ಬ್ಲೇಡಿನ ವಿಷಯ ಕಾಕು ನನಗೆ ಹೇಳಿದ್ದಾರೆ.’

ಅವರು ಕೋಟಿನ ಗುಂಡಿಯನ್ನು ತಡಕುತ್ತಾ ನಿಂತರು.

ಈಗಲೂ ಅವರು ಮೇಲೆಯೇ ಇದ್ದಾರೆ. ನಾನು ಲಿಫ್ಟಿಗೆ ಕಾದು ನಿಂತಿದ್ದರೆ, ಮಂಡಿನೋವಿದ್ದರೂ ಮೆಟ್ಟಿಲು ಹತ್ತುತ್ತಾರೆ. ಕಂಬಿ ಹಿಡಿದು ಏರುವ ಸದ್ದು ಕೇಳುತ್ತಿರುತ್ತದೆ. ನನಗೆ ಅದರಿಂದ ಸಮಾಧಾನವೇನೂ ಇಲ್ಲ. ಕಾಕು ಇದ್ದಿದ್ದರೆ ಎದುರಿಗೆ ನಿಂತು ಅವರ ಮುಖ ನೋಡುತ್ತಿದ್ದರು. ನನಗೆ ಅಷ್ಟು ಗಟ್ಟಿತನವಿಲ್ಲ, ತಲೆ ತಗ್ಗಿಸುತ್ತೇನೆ.